ಕಾಣೆಯಾದ ಸೀಸದ ಕೊಡ

ಸೆಲ್ವಿ ನಮ್ಮ ಗೇಟು ತಳ್ಳಿಕೊಂಡು ಬಂದ ಬೆಳಿಗ್ಗೆ ಇಂದ್ರಾಣಮ್ಮ ಜಗುಲಿಯಲ್ಲಿ ಕೂತು, ಕೋಲಾರದ ಒಬ್ಬ ಮದುಮಗ ನಿಜವಾಗಿ ಎಂಜಿನಿಯರೋ ಅಥವಾ ಎಂಜಿನಿಯರ ಕಾರು ಓಡಿಸುವವನೋ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದರು. ಅವರಿಗೆ ಬರುವ ಕೇಸುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಕೆ.ಜಿ.ಎಫ್. ಕೋರ್ಟಿನಲ್ಲಿ ಇಡೀ ಸರ್ವೀಸು ಸ್ಟೆನೋ ಆಗಿದ್ದು, ಸಾಕ್ಷಿಕಟ್ಟೆಯಲ್ಲಿ ನಿಂತವರ ಸುಳ್ಳನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಂಡ ಹೆಂಗಸು ಅವರು. ನಿವೃತ್ತಿಯಾದ ಮೇಲೆ ಊರಿಗಾಂನ ಈ ಹಳೆಯ ಕಂಪನಿ ಮನೆಗೆ ಬಂದು, ಬಾಗಿಲಿಗೆ 'ವಿಚಾರಣೆ ಮಾಡಿಕೊಡಲಾಗುವುದು' ಎಂದು ಬೋರ್ಡು ಹಾಕಿದರು. ಮನೆಯ ಇನ್ನೊಂದು ಭಾಗದಲ್ಲಿ ಬಾಡಿಗೆಗಿರುವವನು ನಾನು, ಆಂಜಿನಪ್ಪ, ನಿವೃತ್ತ ಕನ್ನಡ ಮೇಷ್ಟ್ರು. ಅವರ ಕೇಸುಗಳಿಗೆ ಜೊತೆಯಲ್ಲಿ ಹೋಗಿ ಚೀಲ ಹಿಡಿಯುವುದು, ಆಮೇಲೆ ನಡೆದದ್ದನ್ನು ಬರೆದಿಡುವುದು ನಾನೇ ಹಚ್ಚಿಕೊಂಡ ಕೆಲಸ.

"ಅಕ್ಕಾ, ನಮ್ಮಪ್ಪನ್ನ ಸ್ಟೇಷನ್ನಲ್ಲಿ ಕೂರಿಸವ್ರೆ," ಎಂದಳು ಸೆಲ್ವಿ. ಹುಡುಗಿ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟವಳು ಅರ್ಧ ದಾರಿಯಲ್ಲೇ ಇತ್ತ ತಿರುಗಿದ್ದಳು. ಊಟದ ಡಬ್ಬಿ ಕೈಯಲ್ಲೇ ಇತ್ತು. "ನಿನ್ನೆಯಿಂದ ಒಂದು ಲೋಟ ಟೀ ಸತ ಕುಡಿದಿಲ್ಲ. ಅವ್ರು ಏನೂ ಮಾಡಿಲ್ಲಕ್ಕಾ, ಸತ್ಯವಾಗ್ಲೂ."

"ಮೊದಲು ಕೂತ್ಕೋ. ಯಾವ ವಿಷಯಕ್ಕೆ ಕೂರಿಸಿರೋದು?"

"ಕೊಡದ ವಿಷಯಕ್ಕೆ."

ಕೊಡ ಎಂದಕೂಡಲೇ ನನಗೆ ಅರ್ಥವಾಯಿತು. ಹಿಂದಿನ ದಿನದಿಂದ ಕೆ.ಜಿ.ಎಫ್., ಬಂಗಾರಪೇಟೆ ಎರಡೂ ಊರುಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬಂಗಾರಪೇಟೆಯ ಹೊರಗೆ ಮುಚ್ಚಿಹೋದ ಒಂದು ಸಿಮೆಂಟ್ ಶೀಟ್ ಕಾರ್ಖಾನೆಯಿದೆ. ಅಲ್ಲಿ ಪುಡಿ ತುಂಬಿಡುತ್ತಿದ್ದ ಎರಡು ದೊಡ್ಡ ತೊಟ್ಟಿಗಳಿದ್ದವು. ತೊಟ್ಟಿ ಎಷ್ಟು ತುಂಬಿದೆ ಎಂದು ಹೊರಗಿನಿಂದಲೇ ತಿಳಿಯಲು ಒಂದೊಂದಕ್ಕೂ ಒಂದೊಂದು ವಿಕಿರಣದ ಗೇಜು. ನೋಡಲು ನೀರಿನ ಕೊಡದಂತೆ, ಹೊರಗೆ ಕಬ್ಬಿಣ, ಒಳಗೆ ದಪ್ಪ ಸೀಸ, ಸೀಸದ ನಡುವೆ ಅವರೆಕಾಳಿನಷ್ಟು ಸೀಸಿಯಂ ಎಂಬ ವಿಕಿರಣ ಸೂಸುವ ಲೋಹ. ಕೆಲಸವಿದ್ದಾಗ ಅದರ ಸಣ್ಣ ಬಾಗಿಲು ತೆರೆಯುವುದು, ಇಲ್ಲದಾಗ ಮುಚ್ಚಿ ಬೀಗ ಹಾಕುವುದು. ಕಾರ್ಖಾನೆ ನಿಂತ ಮೇಲೆ ಅಂಥ ಕೊಡವನ್ನು ಗುಜರಿಗೆ ಹಾಕುವಂತಿಲ್ಲ, ಮನೆಯಲ್ಲಿಡುವಂತಿಲ್ಲ. ಸರ್ಕಾರದವರು ಬಂದು ವಿಲೇವಾರಿ ಕೇಂದ್ರಕ್ಕೆ ಒಯ್ಯಬೇಕು. ಅದಕ್ಕೆಂದೇ ಬೆಂಗಳೂರಿನಿಂದ ಅಧಿಕಾರಿ ಲಾರಿ ತಂದರೆ, ಉಗ್ರಾಣದಲ್ಲಿ ಎರಡು ಕೊಡಗಳ ಬದಲು ಒಂದೇ ಇತ್ತು. ಉಗ್ರಾಣದ ಬಾಗಿಲಿನ ಬೀಗವನ್ನು ಗರಗಸದಿಂದ ಕೊಯ್ದಿದ್ದರು. ಸೆಲ್ವಿಯ ತಂದೆ ಕುಪ್ಪುಸ್ವಾಮಿ ಅಲ್ಲಿಯ ವಾಚ್‌ಮನ್.

"ನಿಮ್ಮಪ್ಪ ಮೊನ್ನೆ ರಾತ್ರಿ ನಿದ್ದೆ ಮಾಡಿದ್ರಾ?" ಎಂದು ಕೇಳಿದರು ಇಂದ್ರಾಣಮ್ಮ.

"ಹೆಂಗಕ್ಕಾ ಮಾಡೋದು? ಗೇಟ್ ಮುಂದೆ ಜಯರಾಮಪ್ಪನೋರ ಗಣಿ ಕಮಿಟಿ ಬೆಳತನಕ ಭಜನೆ!"

ಇಂದ್ರಾಣಮ್ಮ ಮದುಮಗನ ಫೋನು ಕಟ್ ಮಾಡಿ ಚಪ್ಪಲಿ ಹುಡುಕಿದರು. "ಮೇಷ್ಟ್ರೇ, ಮಾರಿಕುಪ್ಪಂ ಗಾಡಿ ಬರೋ ಹೊತ್ತಾಯ್ತು."

ರೈಲಿನಲ್ಲಿ ಜನ ಆಗಲೇ ತಜ್ಞರಾಗಿದ್ದರು. ಕೊಡವನ್ನು ಕೆ.ಜಿ.ಎಫ್.ನ ನಂದಿದುರ್ಗ ಎಂಬ ಹಳೆ ಚಿನ್ನದ ಗಣಿಗೆ ಎಸೆದಿದ್ದಾರೆಂದು ಒಬ್ಬರು, ಇನ್ನು ಮೇಲೆ ಅಲ್ಲಿಯ ನೀರು ಕತ್ತಲಲ್ಲಿ ಹೊಳೆಯುತ್ತದೆಂದು ಇನ್ನೊಬ್ಬರು. ಒಬ್ಬ ಮಹಾಶಯರು ಬಿಸಿಲಿಗಲ್ಲ, ವಿಕಿರಣಕ್ಕೆಂದು ಛತ್ರಿ ಹಿಡಿದುಕೊಂಡೇ ಕೂತಿದ್ದರು. ಬಂಗಾರಪೇಟೆಯ ಪಾನಿಪೂರಿಯ ನೀರು ಅಷ್ಟು ತಿಳಿಯಾಗಿರುವುದಕ್ಕೆ ಈಗ ಕಾರಣ ಸಿಕ್ಕಿತು ಎಂದು ಯಾರೋ ಹೇಳಿದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಆ ನೀರು ನಾನು ಹುಡುಗನಾಗಿದ್ದಾಗಿನಿಂದಲೂ ತಿಳಿಯಾಗಿಯೇ ಇದೆ ಎಂದು ಜೋರಾಗಿಯೇ ಹೇಳಿದೆ.

ಕಾರ್ಖಾನೆಯ ಗೇಟಿನ ಮುಂದೆ ಶಾಮಿಯಾನ ಇನ್ನೂ ಇತ್ತು. ಅದರ ಕೆಳಗೆ ಗಂಟಲು ಕಟ್ಟಿದ ಜಯರಾಮಪ್ಪ. ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವರು, ಗಣಿ ಉಳಿಸುವ ಕಮಿಟಿಯ ಅಧ್ಯಕ್ಷರು.

"ಕೊಡಾನ ಲಾರೀಲಿ ತುಂಬ್ಕೊಂಡು ಓಗಿ ನಮ್ಮ ಗಣಿಗೆ ಆಕ್ತಾರೆ ಅಂತ ಸುದ್ದಿ ಬಂತಮ್ಮ. ಅದಕ್ಕೇ ಹಿಂದಿನ ಸಂಜೆಯಿಂದ್ಲೇ ಗೇಟಿಗೆ ಅಡ್ಡ ಕೂತ್ವಿ. ನಾವಿರೋ ತನಕ ಒಂದು ಇರುವೆನೂ ಸಾಮಾನು ಒತ್ಕೊಂಡು ಈಚೆ ಬಂದಿಲ್ಲ."

"ಯಾರೂ ಬರಲೂ ಇಲ್ಲ, ಹೋಗಲೂ ಇಲ್ಲವಾ?"

"ಸಂಜೆ ಮೇನೇಜರ್ ವಿಜಯಕುಮಾರ್ ಬಂದಿದ್ರು, ಬೈಕ್ನಾಗೆ. ಸೊಲ್ಪ ಒತ್ತಿಗೆ ವಾಪಸ್ ಓದ್ರು. ಒಬ್ರೇ. ಬೈಕ್ ಇಂದೆ ಮುಂದೆ ಎಲ್ಲಾ ನಾವೇ ತಡಕಿ ನೋಡಿ ಬಿಟ್ವಿ. ಟಿಫನ್ ಡಬ್ಬಿ ಸತ ಇರ್ಲಿಲ್ಲ."

ಉಗ್ರಾಣದ ಬಾಗಿಲಲ್ಲಿ ಮೂವರು ನಿಂತಿದ್ದರು. ಸಬ್ ಇನ್ಸ್‌ಪೆಕ್ಟರ್ ಬೈರೇಶ್ ನನ್ನ ಹಳೆಯ ವಿದ್ಯಾರ್ಥಿ. ಒತ್ತಕ್ಷರ ಬಿಟ್ಟರೆ ಉಳಿದೆಲ್ಲದರಲ್ಲೂ ಜಾಣ. ಶ್ರುತಿ ಎಂಬ ಚುರುಕಾದ ತರುಣಿ ಬೆಂಗಳೂರಿನಿಂದ ಬಂದ ವಿಕಿರಣ ಸುರಕ್ಷತಾ ಅಧಿಕಾರಿ. ಹೆಗಲಿಗೆ ಮೀಟರಿನ ಚೀಲ. ಮೂರನೆಯವರು ವಿಜಯಕುಮಾರ್, ಕಾರ್ಖಾನೆ ಮುಚ್ಚಿದ ಮೇಲೂ ಅದರ ಉಸ್ತುವಾರಿಗೆಂದು ಉಳಿದ ಮ್ಯಾನೇಜರು. ಮರ್ಯಾದಸ್ಥ ಮನುಷ್ಯ, ಕಣ್ಣು ಮಾತ್ರ ಕೆಂಡದಂತಿತ್ತು.

"ನೀವು ಬಂದದ್ದು ಒಳ್ಳೇದಾಯ್ತು ಮೇಡಂ," ಎಂದ ಬೈರೇಶ್, ಇಂದ್ರಾಣಮ್ಮನನ್ನು ಕಂಡು. "ಆದ್ರೆ ಕೇಸು ಸುಲಭ. ಗೇಟಿಂದ ಏನೂ ಹೋಗಿಲ್ಲ. ಒಳಗಿದ್ದವನು ಕುಪ್ಪುಸ್ವಾಮಿ ಒಬ್ಬನೇ. ಹಿಂದಿನ ರಸ್ತೇಲಿ ಗುಜರಿ ಬಾಲಾಜಿ ಅಂಗಡಿ. ಇವನು ಬೀಗ ಕೊಯ್ದ, ಗೋಡೆ ಮೇಲಿಂದ ಅವನಿಗೆ ದಾಟಿಸಿದ. ಸೀಸಕ್ಕೆ ಒಳ್ಳೆ ರೇಟಿದೆ."

"ವಿಜಯಕುಮಾರ್ ಅವರು ಸಂಜೆ ಬಂದಿದ್ರಂತೆ?"

"ಎರಡೂ ಕೊಡ ಇದೆಯಾ ಅಂತ ನೋಡ್ಕೊಂಡು ಹೋಗೋಕೆ ಬಂದಿದ್ದೆ," ಎಂದರು ವಿಜಯಕುಮಾರ್. "ಇತ್ತು. ಬೀಗ ಹಾಕ್ಕೊಂಡು ಹೋದೆ. ಬೀಗದ ಕೈ ನನ್ನ ಹತ್ರ ಮಾತ್ರ ಇರೋದು."

"ಅವರನ್ನ ಬಿಡಿ ಮೇಡಂ," ಎಂದ ಬೈರೇಶ್. "ಕೊಡ ಎತ್ತೋಕೆ ಇಬ್ಬರು ಬೇಕು. ಬೈಕಲ್ಲಿ ಒಬ್ಬರೇ ಖಾಲಿ ಕೈಲಿ ಹೋಗಿದ್ದನ್ನ ಊರೇ ನೋಡಿದೆ."

ಇಂದ್ರಾಣಮ್ಮ ಮೊದಲು ಹಿಂದಿನ ಗೋಡೆಗೆ ಹೋದರು. ಆಳೆತ್ತರದ ಗೋಡೆ, ಮೇಲೆ ಗಾಜಿನ ಚೂರು, ಕೆಳಗೆ ಎರಡೂ ಕಡೆ ಲಂಟಾನದ ಪೊದೆ. ಹೂವು ಕೂಡ ಉದುರಿರಲಿಲ್ಲ. ಬೈರೇಶ್ ಅದನ್ನು ನೋಡಿ ಗದ್ದ ಕೆರೆದುಕೊಂಡ.

ಆಮೇಲೆ ಉಗ್ರಾಣ. ತಗಡಿನ ಮಾಡು ಸೋರಿ ಸೋರಿ ಗೋಡೆಗಳೆಲ್ಲ ಪಾಚಿ ಕಟ್ಟಿದ್ದವು. ಉಳಿದ ಕೊಡ ಒಂದು ಮೂಲೆಯಲ್ಲಿ ಕೂತಿತ್ತು. ಮೇಲೆ ಹಳದಿ ಬಣ್ಣ, ಮೂರು ಎಸಳಿನ ಎಚ್ಚರಿಕೆಯ ಚಿಹ್ನೆ, ಕೆಳಗೆ ಚೌಕಾಕಾರದ ಪಾದ. ಅದನ್ನು ತೊಟ್ಟಿಯಿಂದ ಬಿಚ್ಚಿದಾಗ ತೆಗೆದ ಬೋಲ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಅದರ ಹಿಡಿಗೇ ಕಟ್ಟಿದ್ದರು. ಪಕ್ಕದಲ್ಲಿ, ಕಾಣೆಯಾದ ಕೊಡ ಇತ್ತೆಂಬ ಜಾಗದಲ್ಲಿ, ಧೂಳಿನ ನಡುವೆ ಒಂದು ಚೌಕ ಬಿಳಿಚಿಕೊಂಡಿತ್ತು. ಎಷ್ಟು ಚೊಕ್ಕಟವೆಂದರೆ ನನ್ನ ಅಡುಗೆಮನೆಯ ನೆಲವೂ ಅಷ್ಟು ಚೊಕ್ಕಟವಾಗಿಲ್ಲ.

"ಎರಡನ್ನೂ ಒಟ್ಟಿಗೇ ತೊಟ್ಟಿಯಿಂದ ಬಿಚ್ಚಿ ತಂದಿಟ್ಟಿರಾ?"

"ಒಟ್ಟಿಗೇ. ಎರಡು ಮಳೆಗಾಲ ಆಯ್ತು," ಎಂದರು ವಿಜಯಕುಮಾರ್.

"ಶ್ರುತಿಯವರೇ, ಈ ಉಳಿದ ಕೊಡವನ್ನ ಸ್ವಲ್ಪ ಆಚೆ ಸರಿಸಬಹುದಾ?"

ಶ್ರುತಿ ಮೀಟರು ಹಿಡಿದು, ಕೊಡದ ಬಾಗಿಲಿನ ಬೀಗ ಎಳೆದು ನೋಡಿ, ಸರಿಸಬಹುದು ಎಂದಳು. ಇಬ್ಬರು ಪೇದೆಗಳು ತಿಣುಕಿ ಪಕ್ಕಕ್ಕಿಟ್ಟರು. ಅದರ ಅಡಿಯಲ್ಲಿ ಕಂದುಬಣ್ಣದ ತುಕ್ಕಿನ ಚೌಕ ಸಿಮೆಂಟಿಗೆ ಇಳಿದು ಅಂಟಿಹೋಗಿತ್ತು. ಇಂದ್ರಾಣಮ್ಮ ಅದನ್ನು ಬೆರಳಿನಿಂದ ಉಜ್ಜಿದರು, ಹೋಗಲಿಲ್ಲ. ನಂತರ ಒಳಗಿದ್ದ ಮೇಜಿನ ಮೇಲೆ ಕೈಯಾಡಿಸಿದರು. ಅವರ ಬೆರಳಿಗೆ ಹೊಳೆಯುವ ಸಣ್ಣ ಪುಡಿ ಹತ್ತಿತು. "ಹಿತ್ತಾಳೆ ಪುಡಿ," ಎಂದು ಗೊಣಗಿದರು. ಹೊರಗೆ ಬಂದು ಹೊಸ್ತಿಲ ಬಳಿ ಬಗ್ಗಿ ನೋಡಿ, ಬೈರೇಶನ ಕೈಯಲ್ಲಿದ್ದ ಕೊಯ್ದ ಹಿತ್ತಾಳೆ ಬೀಗ ನೋಡಿ, ಹೊರಟೇಬಿಟ್ಟರು.

ಬಾಲಾಜಿಯ ಗುಜರಿ ಅಂಗಳವನ್ನು ಶ್ರುತಿ ಇಂಚಿಂಚೂ ಮೀಟರು ಹಿಡಿದು ಶೋಧಿಸಿದಳು. ಎಲ್ಲೂ ಏನೂ ಇಲ್ಲ. ಬಾಲಾಜಿ ಮಾತ್ರ ತೆಲುಗಿನಲ್ಲಿ ದೇವರನ್ನೂ ತಮಿಳಿನಲ್ಲಿ ಪೊಲೀಸರನ್ನೂ ನೆನೆಯುತ್ತಾ ಹಿಂದೆ ಹಿಂದೆ ಓಡಾಡುತ್ತಿದ್ದ.

"ಕಾರ್ಖಾನೆ ಸಾಮಾನು ನೀವು ಯಾವತ್ತೂ ತಗೊಂಡಿಲ್ವಾ?" ಎಂದು ಇಂದ್ರಾಣಮ್ಮ ಕೇಳಿದರು.

"ತಗೊಂಡಿದ್ದೀನಮ್ಮ, ಸುಳ್ಳು ಯಾಕೆ ಏಳ್ಲಿ? ಹೋದ ವರ್ಸ ಮಳೆಗೆ ಮುಂಚೆ. ಮುರಿದ ತೊಟ್ಟಿ, ಪೈಪು, ತಗಡು ಎಲ್ಲಾ. ಬಿಲ್ ಇದೆ. ಗ್ಯಾಸಲ್ಲಿ ಕತ್ತರಿಸಿ ಅವತ್ತೇ ಕುಲುಮೆಗೆ ಕಳ್ಸಾಯ್ತು."

ಕುಲುಮೆ ಎಂದ ಕೂಡಲೇ ಶ್ರುತಿಯ ಮುಖ ಸಪ್ಪಗಾಯಿತು. "ಈ ಕೊಡ ಕುಲುಮೆಗೆ ಹೋದ್ರೆ ಕರಗಿದ ಕಬ್ಬಿಣವೆಲ್ಲ ಹಾಳು, ಕುಲುಮೆ ಹಾಳು, ಹೊಗೆ ಕುಡಿದವರ ಗತಿ ಬೇರೆ," ಎಂದು ನನಗೆ ಮೆಲ್ಲಗೆ ಹೇಳಿದಳು. "ಹುಷಾರಾಗಿಟ್ರೆ ಸಾಧು ಪ್ರಾಣಿ ಮೇಷ್ಟ್ರೇ ಇದು. ಎಲ್ಲಿದೆ ಅಂತ ಗೊತ್ತಿಲ್ಲದೆ ಇದ್ರೆ ಮಾತ್ರ ಭಯ."

ಇಂದ್ರಾಣಮ್ಮ ಕೇಳಿದರು: "ಬಾಲಾಜಿ, ಗ್ಯಾಸಲ್ಲಿ ಕತ್ತರಿಸೋಕೆ ಆಗದ ಸಾಮಾನು ಬಂದ್ರೆ?"

"ಗಟ್ಟಿ ಪೀಸಾ? ಗ್ಯಾಸು ದಂಡ ಅಮ್ಮ. ಯಾರಾದ್ರೂ ಬಾರಕ್ಕೆ ಬೇಕು ಅಂದ್ರೆ ಕೊಟ್ಬಿಡ್ತೀನಿ. ಗೇಟಿಗೆ, ಪೆಂಡಾಲ್ಗೆ, ಕೊಡೆಗೆ... ಯಾರ್ಯಾರಿಗೆ ಅಂತ ಯಾರಿಗೆ ಗ್ಯಾಪ್ಕ?"

ಇಂದ್ರಾಣಮ್ಮ ಸೆರಗಿನಿಂದ ಬೆವರು ಒರೆಸಿಕೊಂಡರು. "ಶ್ರುತಿಯವರೇ, ಹಸಿವಾಗ್ತಿಲ್ವಾ? ಮೇಷ್ಟ್ರು ಪಾನಿಪೂರಿ ಕೊಡಿಸ್ತಾರೆ, ಬನ್ನಿ. ಮೀಟರು ಚೀಲದಲ್ಲೇ ಇರಲಿ, ಆರಿಸಬೇಡಿ."

ಪೇಟೆಯಲ್ಲಿ ಅವರು ಪಾನಿಪೂರಿಯ ಬದಲು ನೆಲ ನೋಡಿಕೊಂಡು ನಡೆದರು. ಮೊದಲ ಗಾಡಿಯ ದೊಡ್ಡ ಕೊಡೆಯನ್ನು ಕಲ್ಲಿಗೆ ಕಟ್ಟಿದ್ದರು. "ಇಲ್ಲಿ ಬೇಡ," ಎಂದರು. ಎರಡನೆಯದನ್ನು ಮರಳು ತುಂಬಿದ ಡಬ್ಬಕ್ಕೆ. "ಇಲ್ಲೂ ಬೇಡ." ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮೂರನೆಯದು ಮುನಿರಾಜನ ಗಾಡಿ. ನಾನು ಖಾಯಂ ಗಿರಾಕಿ. ಅವನ ಕೊಡೆಯ ಕಂಬವನ್ನು ಹಸಿರು ಬಣ್ಣ ಬಳಿದ ಒಂದು ಗುಂಡನೆಯ ಕಬ್ಬಿಣಕ್ಕೆ ಹಗ್ಗದಿಂದ ಬಿಗಿದಿದ್ದ. ಶ್ರುತಿ ಹತ್ತಿರ ಹೋದಳು. ಅವಳ ಚೀಲದೊಳಗಿನಿಂದ ಜೀರುಂಡೆಯಂತೆ ಸದ್ದು ಬಂತು.

"ಎಲ್ಲರೂ ಸ್ವಲ್ಪ ಹಿಂದೆ ಹೋಗಿ. ಓಡಬೇಡಿ, ಏನೂ ಆಗಿಲ್ಲ," ಎಂದಳು ಶ್ರುತಿ.

ಓಡಬೇಡಿ ಎಂದರೆ ಯಾರು ಕೇಳುತ್ತಾರೆ? ರೈಲಿನಲ್ಲಿ ಕಂಡಿದ್ದ ಛತ್ರಿಯ ಮಹಾಶಯರು ಪೂರಿಯ ತಟ್ಟೆ ಸಮೇತ ಓಡಿದರು. ಮುನಿರಾಜ ಮಾತ್ರ ಗಾಡಿ ಬಿಟ್ಟು ಕದಲಲಿಲ್ಲ. ಶ್ರುತಿ ಅವನ ಕೈ ಹಿಡಿದು ಎಳೆದೊಯ್ದು ದೂರ ನಿಲ್ಲಿಸಿದಳು. ಸುತ್ತ ಟೇಪು ಕಟ್ಟಿ, ಕೈಗವಸು ಹಾಕಿಕೊಂಡು, ಮೀಟರನ್ನು ಹತ್ತಿರ ದೂರ ಹಿಡಿದು ಅಳೆದಳು. ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಪರೀಕ್ಷಿಸಿದಳು. ಕೊನೆಗೆ ಉಸಿರು ಬಿಟ್ಟು ನಕ್ಕಳು.

"ಬಾಗಿಲು ಮುಚ್ಚಿದೆ, ಬೀಗ ಭದ್ರವಾಗಿದೆ, ಏನೂ ಸೋರಿಲ್ಲ. ಜನ ನಿಂತು ತಿನ್ನೋ ಜಾಗದಲ್ಲಿ ವಿಕಿರಣ ಲೆಕ್ಕಕ್ಕಿಲ್ಲ."

"ಮೇಡಂ, ನಮ್ಮ ಪಾನಿ?" ಎಂದ ಮುನಿರಾಜ, ಅಳುವ ದನಿಯಲ್ಲಿ.

"ನಿಮ್ಮ ಪಾನಿಗೆ ಏನೂ ಆಗಿಲ್ಲ. ಬೆಳಕು ಬಿದ್ದ ಮಾತ್ರಕ್ಕೆ ನೀರು ದೀಪ ಆಗುತ್ತಾ? ಇದೂ ಹಾಗೇ. ಆದ್ರೂ ನೀವು ದಿನಾ ಪಕ್ಕದಲ್ಲೇ ನಿಂತವರು, ಒಂದು ರಕ್ತಪರೀಕ್ಷೆ ಮಾಡಿಸೋಣ."

ಹಸಿರು ಬಣ್ಣ ಕೆರೆದಾಗ ಕೆಳಗೆ ಹಳದಿ ಕಾಣಿಸಿತು, ನಂತರ ಕೊರೆದ ನಂಬರು. ಕಾಣೆಯಾದ ಕೊಡದ ನಂಬರೇ. ಇಂದ್ರಾಣಮ್ಮ ದೂರದಿಂದಲೇ ಅದರ ಪಾದವನ್ನು ತೋರಿಸಿದರು. ಬೋಲ್ಟುಗಳು ಬಿಚ್ಚದೆ ಹಾಗೇ ಇದ್ದವು. ಅವುಗಳಿಗೆ ಒಂದು ತುಂಡು ದಪ್ಪ ತಗಡು ಕಚ್ಚಿಕೊಂಡಿತ್ತು, ಅಂಚು ಗ್ಯಾಸಿನಲ್ಲಿ ಸುಟ್ಟು ಕರಗಿದಂತಿತ್ತು.

ಸುದ್ದಿ ಮುಟ್ಟಿ ಜೀಪು ಓಡಿಸಿಕೊಂಡು ಬಂದ ಬೈರೇಶ್, ಮುನಿರಾಜನ ಕಾಲರಿಗೆ ಕೈ ಹಾಕುವಷ್ಟು ಹತ್ತಿರ ಹೋದ. "ಮೊನ್ನೆ ರಾತ್ರಿ ಯಾರು ತಂದುಕೊಟ್ಟಿದ್ದು ನಿಂಗೆ?"

"ಮೊನ್ನೆನಾ? ಇದು ಹೋದ ಮಳೆಗಾಲದಿಂದ ಇಲ್ಲೇ ಐತೆ ಸಾ! ಬಾಲಾಜಣ್ಣ ಕೊಟ್ಟಿದ್ದು. ಗಾಳಿಗೆ ಕೊಡೆ ಆರ್ತದೆ ಅಂತ ನಾನೇ ಕೇಳಿ ಇಸ್ಕಂಡೆ. ಬೇಕಾದ್ರೆ ಮೇಷ್ಟ್ರನ್ನ ಕೇಳಿ. ವಾರ ವಾರ ಇದರ ಮೇಲೇ ಕಾಲಿಟ್ಕಂಡು ತಿಂತಿದ್ರು."

ಎಲ್ಲರೂ ನನ್ನ ಕಡೆ ನೋಡಿದರು. ಹೌದು, ಇಟ್ಟಿದ್ದೆ. ಹೋದ ದೀಪಾವಳಿಗೂ ಇಟ್ಟಿದ್ದೆ, ಸಂಕ್ರಾಂತಿಗೂ ಇಟ್ಟಿದ್ದೆ. ಮೊನ್ನೆ ಕಳುವಾದ ವಸ್ತು ತಿಂಗಳುಗಟ್ಟಲೆ ಹಿಂದಿನಿಂದ ನನ್ನ ಕಾಲಡಿಯಲ್ಲಿ! ಬೈರೇಶ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಾಳೆ ಬೆಳಿಗ್ಗೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ ಬೈರೇಶ್," ಎಂದರು ಇಂದ್ರಾಣಮ್ಮ. "ಕುಪ್ಪಣ್ಣನನ್ನೂ ಕರೆತನ್ನಿ. ಅವರಿಗೆ ಮೊದಲು ತಿಂಡಿ ಕೊಡಿಸಿ."

ಮರುದಿನ ಎರಡೂ ಕೊಡಗಳು ಟೇಪಿನ ಬೇಲಿಯೊಳಗೆ ಲಾರಿಯ ಪಕ್ಕದಲ್ಲಿ ಕಾದಿದ್ದವು. ಕ್ಯಾಂಟೀನಿನಲ್ಲಿ ಕುಪ್ಪುಸ್ವಾಮಿ ಮಗಳ ಪಕ್ಕ ಮುದುಡಿ ಕೂತಿದ್ದ. ಬಾಲಾಜಿ ಗುಜರಿಯ ಬಿಲ್ ಹಿಡಿದು ನಿಂತಿದ್ದ. ಜಯರಾಮಪ್ಪ ಶುಂಠಿ ಅಗಿಯುತ್ತಿದ್ದರು. ವಿಜಯಕುಮಾರ್ ಬಾಗಿಲ ಹತ್ತಿರದ ಕುರ್ಚಿ ಆರಿಸಿಕೊಂಡಿದ್ದರು. ಬೈರೇಶ್ ಮತ್ತು ಶ್ರುತಿ ಗೋಡೆಗೊರಗಿ ನಿಂತರು.

"ಈ ಕೇಸಿನಲ್ಲಿ ನಮಗೆಲ್ಲ ತಲೆ ಕೆಟ್ಟಿದ್ದು ಒಂದೇ ಪ್ರಶ್ನೆಗೆ," ಎಂದು ಶುರುಮಾಡಿದರು ಇಂದ್ರಾಣಮ್ಮ. "ಗೇಟಿನಲ್ಲಿ ಭಜನೆ, ಹಿಂದೆ ಮುಳ್ಳುಪೊದೆ. ಇಬ್ಬರು ಹೊರುವಷ್ಟು ಭಾರದ ಕೊಡ ಹೇಗೆ ಹೊರಗೆ ಹೋಯಿತು? ಜಯರಾಮಪ್ಪನವರು ಇರುವೆಯೂ ಹೊರಗೆ ಹೋಗಿಲ್ಲ ಅಂದರು. ನಾನು ಅವರ ಮಾತನ್ನ ನಂಬಿದೆ, ಅಷ್ಟೇ. ಕೊಡ ಹೊರಗೆ ಹೋಗಿಲ್ಲ, ಒಳಗೂ ಇಲ್ಲ. ಅಂದ್ರೆ ಆ ರಾತ್ರಿ ಅದು ಇಲ್ಲಿ ಇರಲೇ ಇಲ್ಲ. ಯಾರೂ ಏನನ್ನೂ ಕದಿಯಲಿಲ್ಲ."

"ಬೀಗ ಕೊಯ್ದಿತ್ತಲ್ಲ ಮೇಡಂ?" ಎಂದ ಬೈರೇಶ್.

"ಕೊಯ್ದಿತ್ತು. ಬಾಗಿಲ ಹೊರಗೆ ನೇತಾಡೋ ಬೀಗ ಕೊಯ್ದರೆ ಪುಡಿ ಎಲ್ಲಿ ಬೀಳಬೇಕು? ಹೊಸ್ತಿಲಲ್ಲಿ. ಅಲ್ಲಿ ಒಂದು ಚೂರೂ ಇರಲಿಲ್ಲ. ಪುಡಿ ಇದ್ದದ್ದು ಒಳಗಿನ ಮೇಜಿನ ಮೇಲೆ. ಅಂದ್ರೆ ಬೀಗದ ಕೈಯಿಂದಲೇ ಬಾಗಿಲು ತೆಗೆದು, ಬೀಗವನ್ನ ಒಳಗೆ ಒಯ್ದು, ಮೇಜಿನ ಮೇಲಿಟ್ಟು ಕೊಯ್ದಿದ್ದಾರೆ. ಕುಪ್ಪಣ್ಣನ ಹತ್ರ ಬೀಗದ ಕೈ ಇರಲಿಲ್ಲ."

ಬಾಗಿಲ ಬಳಿಯ ಕುರ್ಚಿ ಕಿರ್ರೆಂದಿತು.

"ಆಮೇಲೆ ನೆಲ. ಉಳಿದ ಕೊಡದ ಅಡಿ ತುಕ್ಕು ಸಿಮೆಂಟಿಗೆ ಇಳಿದಿತ್ತು. ಸೋರೋ ಮಾಡಿನ ಕೆಳಗೆ ಎರಡು ಮಳೆಗಾಲ ಕೂತ ಕಬ್ಬಿಣ ಅದು. ಅದರ ಜೊತೆಗೇ ಇತ್ತು ಅಂತ ಹೇಳಿದ ಇನ್ನೊಂದರ ಜಾಗದಲ್ಲಿ ತುಕ್ಕಿನ ಕಲೆಯೇ ಇಲ್ಲ, ಬರೀ ಧೂಳು ಒರೆಸಿದ ಚೌಕ. ಧೂಳನ್ನ ಒದ್ದೆ ಬಟ್ಟೇಲಿ ಒರೆಸಬಹುದು, ಎರಡು ವರ್ಷದ ತುಕ್ಕನ್ನ ಒಂದು ಸಂಜೇಲಿ ತರೋಕಾಗಲ್ಲ. ಎರಡನೇ ಕೊಡ ಆ ಉಗ್ರಾಣಕ್ಕೆ ಯಾವತ್ತೂ ಬಂದಿಲ್ಲ."

"ಮತ್ತೆ ಎಲ್ಲಿತ್ತು?" ಎಂದರು ಜಯರಾಮಪ್ಪ.

"ತೊಟ್ಟಿಗೇ ಅಂಟಿಕೊಂಡಿತ್ತು. ಬಿಚ್ಚಿ ತರದಿದ್ದರೆ ಅಲ್ಲೇ ಇರಬೇಕಲ್ಲ? ತೊಟ್ಟಿ ಎಲ್ಲಿಗೆ ಹೋಯಿತು ಅಂತ ವಿಚಾರಿಸಿದ್ರೆ, ಬಾಲಾಜಿ ಹೋದ ವರ್ಷವೇ ಕೊಂಡು ಕತ್ತರಿಸಿದ್ದಾನೆ. ಅವನ ಅಂಗಳದಲ್ಲಿ ಮೀಟರು ಸುಮ್ಮನಿತ್ತು. ಹಾಗಾದ್ರೆ ಒಂದೋ ಕುಲುಮೆಗೆ ಹೋಗಿರಬೇಕು, ಇಲ್ಲ ಕತ್ತರಿಸೋಕಾಗದೆ ಯಾರಿಗೋ ಭಾರಕ್ಕೆ ಕೊಟ್ಟಿರಬೇಕು. ಎರಡನೇದೇ ಆಗಲಿ ದೇವರೇ ಅಂತ ಬೇಡ್ಕೊಂಡು ಕೊಡೆಗಳನ್ನ ನೋಡಿಕೊಂಡು ಹೋದೆ. ಅದರ ಪಾದದಲ್ಲಿ ಬೋಲ್ಟೂ ತೊಟ್ಟಿಯ ತಗಡೂ ಹಾಗೇ ಇತ್ತು."

"ಮೂರೆಸಳಿನ ಗುರುತು ಕಾಣಲಿಲ್ವಾ ನಿನಗೆ?" ಎಂದು ಬೈರೇಶ್ ಬಾಲಾಜಿಯನ್ನು ಗದರಿದ.

"ಫ್ಯಾನ್ ಕಂಪನಿ ಗುರ್ತು ಅನ್ಕೊಂಡೆ ಸಾರ್," ಎಂದ ಬಾಲಾಜಿ. ಸೆಲ್ವಿ ಕೂಡ ನಕ್ಕುಬಿಟ್ಟಳು.

ಇಂದ್ರಾಣಮ್ಮ ನಗಲಿಲ್ಲ. "ಬೈರೇಶ್, ನೀವು ವಿಜಯಕುಮಾರ್ ಅವರನ್ನ ಬಿಟ್ಟಿದ್ದು ಯಾಕೆ? ಖಾಲಿ ಕೈಲಿ ಹೋದರು ಅಂತ. ಕದ್ದವರ ಕೈ ತುಂಬಿರುತ್ತೆ. ಕದ್ದ ಹಾಗೆ ನಾಟಕ ಆಡಿದವರ ಕೈ ಖಾಲಿಯೇ ಇರುತ್ತೆ. ಅವತ್ತು ಸಂಜೆ ಉಗ್ರಾಣದ ಬೀಗದ ಕೈ ಇಟ್ಟುಕೊಂಡು ಒಳಗೆ ಹೋದವರು ಅವರೊಬ್ಬರೇ. ಎರಡನ್ನೂ ಬಿಚ್ಚಿ ತಂದೆ ಅಂತ ಸುಳ್ಳು ಹೇಳಿದವರೂ ಅವರೊಬ್ಬರೇ."

ವಿಜಯಕುಮಾರ್ ಎದ್ದು ಹೋಗುತ್ತಾರೆಂದು ಪೇದೆ ಬಾಗಿಲಿಗೆ ಅಡ್ಡ ಬಂದ. ಅವರು ಹೋಗಲಿಲ್ಲ. ಮುಖ ಮುಚ್ಚಿಕೊಂಡರು.

"ಒಂದನ್ನ ಬಿಚ್ಚಿ ತಂದಿಟ್ಟೆ. ಇನ್ನೊಂದರ ಬೋಲ್ಟು ತುಕ್ಕು ಹಿಡಿದು ತಿರುಗಲಿಲ್ಲ. ಆಮೇಲೆ ಮಾಡಿಸೋಣ ಅಂತ ಬಿಟ್ಟೆ," ಎಂದರು. "ತಂಗಿ ಮದುವೆಗೆ ಊರಿಗೆ ಹೋದೆ. ಬಂದು ನೋಡಿದ್ರೆ ತೊಟ್ಟೀನೇ ಇರಲಿಲ್ಲ, ಮಾಲೀಕರು ಮಾರಿಬಿಟ್ಟಿದ್ರು. ಅವತ್ತೇ ತಿಳಿಸಬೇಕಾಗಿತ್ತು. ಕೆಲಸ ಹೋಗುತ್ತೆ, ಜೈಲಾಗುತ್ತೆ ಅಂತ ಹೆದರಿದೆ. ಬೆಂಗಳೂರು ಆಫೀಸಿನವರು ಕೇಳಿದಾಗೆಲ್ಲ ಎರಡೂ ಭದ್ರವಾಗಿದೆ ಅಂದೆ. ಕುಲುಮೆಗೆ ಹೋಗಿದ್ರೆ ಅನ್ನೋ ಯೋಚನೇಲಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ! ಲಾರಿ ಬರುತ್ತೆ ಅಂತ ಗೊತ್ತಾದಾಗ ಕಳ್ಳತನ ಆಗಿದೆ ಅಂತ ತೋರಿಸೋದು ಬಿಟ್ಟು ಬೇರೆ ದಾರಿ ಹೊಳೀಲಿಲ್ಲ."

"ಹೊಳೀಲಿಲ್ಲವಾ?" ಇಂದ್ರಾಣಮ್ಮನ ದನಿ ಏರಲಿಲ್ಲ, ಆದರೆ ಕೋರ್ಟಿನ ಚಳಿ ಇಳಿದು ಬಂತು. "ನಿಮ್ಮ ಭಯಕ್ಕೆ ಕುಪ್ಪಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತರಲ್ಲ, ಆಗಲೂ ಹೊಳೀಲಿಲ್ಲವಾ?"

ಕುಪ್ಪುಸ್ವಾಮಿ ಮೆಲ್ಲಗೆ ಎದ್ದ. ಬೈಯುತ್ತಾನೆಂದು ನಾವೆಲ್ಲ ಕಾದೆವು. "ಸಾರ್, ನಂಗೆ ಒಂದು ಮಾತು ಸೊಲ್ಲಿದ್ರೆ ಸಾಕಾಗಿತ್ತು," ಎಂದ. "ತೊಟ್ಟಿ ಲಾರಿಗೆ ಏರ್ಸಿದ ದಿನ ಗೇಟ್ ತೆಗ್ದಿದ್ದೇ ನಾನು. ಯಾವ ಲಾರಿ, ಯಾವ ಆಳು, ಎಲ್ಲಾ ಗ್ಯಾಪ್ಕ ಇದೆ. ಇಬ್ರೂ ಸೇರಿ ತೇಡಿ ಉಡ್ಕಿ ತರ್ತಿದ್ವಿ. ನನ್ನ ಮಗಳು ಬೀದಿ ಬೀದಿ ಅಳ್ತಾ ಓಡಾಡೋ ಅಂಗೆ ಮಾಡಿಬಿಟ್ರಲ್ಲ."

ವಿಜಯಕುಮಾರ್ ಅವನ ಕೈ ಹಿಡಿದುಕೊಳ್ಳಲು ಹೋದರು. ಕುಪ್ಪುಸ್ವಾಮಿ ಕೈ ಕೊಡಲಿಲ್ಲ, ಎಳೆದುಕೊಳ್ಳಲೂ ಇಲ್ಲ. ವಿಜಯಕುಮಾರ್ ಅವರನ್ನು ಜೀಪಿಗೆ ಹತ್ತಿಸಿಕೊಂಡು ಹೋಗುವ ಮೊದಲು ಬೈರೇಶ್ ಕುಪ್ಪುಸ್ವಾಮಿಯ ಎದುರು ನಿಂತು, ತಪ್ಪಾಯಿತು ಎಂದು ಎಲ್ಲರ ಮುಂದೆಯೇ ಹೇಳಿದ. ಹಳೆಯ ವಿದ್ಯಾರ್ಥಿಯ ಬಗ್ಗೆ ನನಗೆ ಅವತ್ತು ಹೆಮ್ಮೆಯಾಯಿತು. ಮಾಲೀಕರನ್ನೂ ಬಿಡುವುದಿಲ್ಲ, ತಾನು ಬರೆಯುವ ವರದಿಯಲ್ಲಿ ಅವರಿಗೂ ಜಾಗವಿದೆ ಎಂದಳು ಶ್ರುತಿ. ಮುನಿರಾಜನ ರಕ್ತಪರೀಕ್ಷೆಯೂ, ನನ್ನದೂ, ಆಮೇಲೆ ಸರಿಯಾಗಿಯೇ ಬಂದವು. ನನಗೆ ಸಕ್ಕರೆ ಸ್ವಲ್ಪ ಜಾಸ್ತಿ ಎಂದರು. ಅದಕ್ಕೆ ಸೀಸಿಯಂ ಕಾರಣವಲ್ಲವಂತೆ.

ಮಧ್ಯಾಹ್ನದ ಹೊತ್ತಿಗೆ ಎರಡೂ ಕೊಡಗಳನ್ನು ಉಕ್ಕಿನ ಪೆಟ್ಟಿಗೆಗಳಲ್ಲಿಟ್ಟು ಲಾರಿಗೆ ಬಿಗಿದರು. ಜಯರಾಮಪ್ಪ ಮಾತ್ರ ಇನ್ನೂ ಲಾರಿಯ ಮುಂದೆ ಅಡ್ಡ ನಿಂತಿದ್ದರು.

"ಕಳ್ಳತನ ಅಲ್ಲ ಅಂತ ಆಯ್ತು. ಈಗ ಎಲ್ಲಿಗೆ ತಗೊಂಡು ಓಗ್ತೀರಿ ಅದನ್ನ ಏಳಿ. ನಮ್ಮ ಗಣಿಗಾ?"

"ಇಲ್ಲ ಯಜಮಾನ್ರೇ," ಎಂದಳು ಶ್ರುತಿ. "ನಿಮ್ಮ ಗಣಿ ತುಂಬ ನೀರು. ಇದನ್ನ ನೀರಿನಿಂದ ದೂರ ಇಡೋದೇ ನಮಗೆ ಹೇಳಿಕೊಟ್ಟ ಮೊದಲ ಪಾಠ. ವಿಲೇವಾರಿ ಕೇಂದ್ರದಲ್ಲಿ ಇದಕ್ಕೆ ಅಂತಲೇ ಕಟ್ಟಿದ ಕಾಂಕ್ರೀಟ್ ಗುಂಡಿಗಳಿವೆ. ಅದರೊಳಗಿಟ್ಟು, ಮುಚ್ಚಿ, ಸುತ್ತಲ ಮಣ್ಣು ನೀರು ಪರೀಕ್ಷೆ ಮಾಡ್ತಾ ಕಾಯ್ತಾರೆ."

"ಎಷ್ಟು ದಿವ್ಸ?"

"ಮೂವತ್ತು ವರ್ಷಕ್ಕೊಮ್ಮೆ ಇದರ ಶಕ್ತಿ ಅರ್ಧ ಆಗ್ತಾ ಹೋಗುತ್ತೆ. ಪೂರ್ತಿ ಸಾಧು ಆಗೋಕೆ ಒಂದು ಮುನ್ನೂರು ವರ್ಷ ಅಂತ ಇಟ್ಕೊಳ್ಳಿ."

ಜಯರಾಮಪ್ಪ, ಜಿಲ್ಲೆಯ ಗಡಿ ದಾಟುವ ತನಕ ತಮ್ಮ ಕಮಿಟಿಯೂ ಲಾರಿಯ ಹಿಂದೆ ಬರುತ್ತದೆ, ಕಣ್ಣಾರೆ ನೋಡಿದ ಮೇಲೆಯೇ ನಂಬುವುದು ಎಂದರು. ಬನ್ನಿ ಎಂದಳು ಶ್ರುತಿ. ಕಮಿಟಿಯವರು ಟೆಂಪೋಗೆ ಶಾಮಿಯಾನ ಏರಿಸತೊಡಗಿದರು.

ಕುಪ್ಪುಸ್ವಾಮಿ ಗೇಟು ತೆಗೆಯಲು ಹೋದವನು ಶ್ರುತಿಯ ಬಳಿಗೆ ತಿರುಗಿ ಬಂದ. ಅವನ ಮುಖದಲ್ಲಿ ಏನೋ ಕೊರೆಯುತ್ತಿತ್ತು.

"ಅಮ್ಮಾ, ಮುನ್ನೂರು ವರ್ಷ ಕಾಯ್ತಾರಾ? ನಿಜವಾಗ್ಲೂ?"

"ನಿಜವಾಗ್ಲೂ. ಒಬ್ಬರಾದ ಮೇಲೆ ಒಬ್ಬರು."

"ನೈಟ್ ಡ್ಯೂಟಿಯೂ ಉಂಟಾ?"

"ಉಂಟು."

ಕುಪ್ಪುಸ್ವಾಮಿ ಲಾರಿಯ ಮೇಲಿನ ಉಕ್ಕಿನ ಪೆಟ್ಟಿಗೆಗಳನ್ನು ಸ್ವಲ್ಪ ಹೊತ್ತು ನೋಡಿದ. ಇನ್ನೂ ಹುಟ್ಟದ ಎಷ್ಟೋ ಮಂದಿ ವಾಚ್‌ಮನ್‌ಗಳು ಸಾಲಾಗಿ ಅವನ ಕಣ್ಣ ಮುಂದೆ ಬಂದಿರಬೇಕು.

"ಹಂಗಾದ್ರೆ ಅವರಿಗೆ ಒತ್ತೊತ್ತಿಗೆ ಟೀ ಕೊಡಿಸೋಕೆ ಏಳಿಮ್ಮಾ," ಎಂದ. "ಕಷ್ಟದ ಕೆಲಸ ಅದು."

ಶ್ರುತಿ ಹೇಳುತ್ತೇನೆಂದು ಮಾತು ಕೊಟ್ಟಳು. ಕುಪ್ಪುಸ್ವಾಮಿ ಗೇಟನ್ನು ಪೂರ್ತಿ ತೆರೆದು, ಲಾರಿ ದಾಟಿ ಹೋಗುವಾಗ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.